ಅಟ್ಟದಿಂದ ಇಳಿದ ಲ್ಯಾಪ್‌ಟಾಪು

ಬೋರಗಾಂವದಂಥ ಕರ್ನಾಟಕ–ಮಹಾರಾಷ್ಟ್ರ ಗಡಿಯ ಊರಿನ ಮನೆಯಲ್ಲಿ ಹಾಡಿನ ಪೆಟ್ಟಿಗೆ ಎರಡು ಭಾಷೆ ಮಾತಾಡುತ್ತದೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡಿನ ಪಕ್ಕದಲ್ಲೇ ಮರಾಠಿ ಅಭಂಗ, ಅದರಾಚೆ ಮದುವೆಯ ವಿಡಿಯೊ. ಇಷ್ಟನ್ನೂ ಕಾಯಲು ಅಟ್ಟ ಸೇರಿದ್ದ ಹಳೆ ಲ್ಯಾಪ್‌ಟಾಪು ಸಾಕು ಎಂಬುದೇ ನನಗೆ ಬೆರಗು.

ಅದರೊಳಗೆ ಕೂರುವುದು ಜೆಲ್ಲಿಫಿನ್, ಹಾಡು-ವಿಡಿಯೊಗಳನ್ನು ಮನೆಯ ಪರದೆಗಳಿಗೆ ಹಂಚುವ ತಂತ್ರಾಂಶ. 2018ರ ಡಿಸೆಂಬರ್‌ನಲ್ಲಿ ಎಂಬಿ (Emby) ಎಂಬ ಇಂಥದೇ ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿದಾಗ, ಒಪ್ಪದವರು ಕವಲೊಡೆದು ಕಟ್ಟಿದ್ದು ಇದು. ಕಾಸಿಲ್ಲ, ಚಂದಾ ಇಲ್ಲ. ವೈಫೈ ರೌಟರ್‌ಗೆ ತಂತಿ ಜೋಡಿಸಿ, ಬ್ರೌಸರ್‌ನಲ್ಲಿ ಆ ಯಂತ್ರದ ವಿಳಾಸದ ಮುಂದೆ :8096 ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಹೊರಗಿನ ಇಂಟರ್ನೆಟ್ ಹೋದರೂ ಮನೆಯೊಳಗಿನ ಹಾಡು ನಿಲ್ಲದು. (ಕರೆಂಟು ಹೋದರೆ ಮಾತ್ರ ರೌಟರ್‌ಗೊಂದು ಬ್ಯಾಟರಿ ಬೇಕು.)

ಅಜ್ಜಿಗೊಂದು ಖಾತೆ, ಮೊಮ್ಮಗನಿಗೊಂದು. ಅಜ್ಜಿ ಅರ್ಧಕ್ಕೆ ನಿಲ್ಲಿಸಿದ ಸಿನಿಮಾ ಮರುದಿನ ಅಲ್ಲಿಂದಲೇ ಶುರು. ಮೊಮ್ಮಗನ ಕಾರ್ಟೂನು ಅವಳ ಪರದೆಗೆ ನುಗ್ಗುವುದಿಲ್ಲ.

ನಿಜವಾದ ಕೆಲಸವಿರುವುದು ಮನೆಯ ಹಳೆ ಕ್ಯಾಸೆಟ್ಟನ್ನು ಇದರೊಳಗೆ ತರುವುದರಲ್ಲಿ. ಅದನ್ನು ಓಡಿಸಿದಷ್ಟೇ ಹೊತ್ತು ಕಾದು ಕಂಪ್ಯೂಟರಿಗೆ ತುಂಬಬೇಕು, ಅವಸರ ನಡೆಯದು. ತೊಂಬತ್ತು ನಿಮಿಷದ ಕ್ಯಾಸೆಟ್ 128 ಕೆಬಿಪಿಎಸ್ ಎಂಪಿ3 ಆದಾಗ ಸುಮಾರು 86 ಎಂಬಿ. ಅಂದರೆ 1 ಟಿಬಿ ಡಿಸ್ಕಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾಸೆಟ್ಟು! ಕಡತಕ್ಕೆ ಹೆಸರಿಡುವಾಗಲೇ ಜಗಳ: ಈ ದನಿ ಅತ್ತೆಯದೋ, ಚಿಕ್ಕಮ್ಮನದೋ? ಡಿಸ್ಕು ಕೆಡುತ್ತದೆ, ಹಾಗಾಗಿ ಇನ್ನೊಂದು ನಕಲು ಬೇರೆ ಮನೆಯಲ್ಲಿರಲಿ. ನಮ್ಮದು ದೂಧಗಂಗಾ ನದಿಯ ಆಚೆ, ಅಕ್ಕನ ಕಪಾಟಿನಲ್ಲಿದೆ.