ಕೆನೆತ್ ಕ್ಲಾರ್ಕ್: ಅರ್ಧ ಶತಮಾನದ ಒಂದೇ ನಿಲುವು

ಬ್ರಿಟಿಷ್ ಸಂಸದೀಯ ಇತಿಹಾಸದ ಓದುಗರು ಸಾಮಾನ್ಯವಾಗಿ ಪ್ರಧಾನಿಗಳ ಜೀವನಚರಿತ್ರೆಗಳ ಬಳಿಯೇ ನಿಂತುಬಿಡುತ್ತಾರಾದರೂ, ಆ ಸಂಸತ್ತಿನ ಒಳಬಾಳು ನಿಚ್ಚಳವಾಗಿ ಕಾಣುವುದು ಪ್ರಧಾನಿ ಪದವಿಯ ಹೊಸ್ತಿಲವರೆಗೆ ಬಂದು ಹಿಂದಿರುಗಿದವರ ವೃತ್ತಾಂತಗಳಲ್ಲಿ. ಕನ್ಸರ್ವೇಟಿವ್ ಪಕ್ಷದ ಕೆನೆತ್ ಕ್ಲಾರ್ಕ್ ಅವರದು ಅವುಗಳಲ್ಲಿ ಬಹುಶಃ ಎಲ್ಲಕ್ಕಿಂತ ಸಮೃದ್ಧವಾದುದು. 1940ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಕಾನೂನು ಓದಿ ಬ್ಯಾರಿಸ್ಟರ್ ಆದ ಅವರು, 1970ರಲ್ಲಿ ರಶ್‌ಕ್ಲಿಫ್ ಕ್ಷೇತ್ರದಿಂದ ಕಾಮನ್ಸ್ ಸಭೆಗೆ, ಅಂದರೆ ಸಂಸತ್ತಿನ ಚುನಾಯಿತ ಕೆಳಮನೆಗೆ, ಆಯ್ಕೆಯಾಗಿ 2019ರವರೆಗೂ ಆ ಕ್ಷೇತ್ರವನ್ನೇ ಪ್ರತಿನಿಧಿಸಿದರು.

ಆರೋಗ್ಯ, ಶಿಕ್ಷಣ ಮತ್ತು ಗೃಹ ಖಾತೆಗಳನ್ನು ದಾಟಿ 1993ರಲ್ಲಿ ಅವರು ಹಣಕಾಸು ಸಚಿವರಾದಾಗ, ಹಿಂದಿನ ಸೆಪ್ಟೆಂಬರ್‌ನಲ್ಲಿ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದ ಪೌಂಡ್ ಹೊರಬಿದ್ದಿದ್ದರಿಂದ ಸರ್ಕಾರದ ಆರ್ಥಿಕ ವರ್ಚಸ್ಸು ಕುಸಿದಿತ್ತು. ನಾಲ್ಕು ವರ್ಷಗಳಲ್ಲಿ ಅವರು ಹಣಕಾಸನ್ನು ಎಷ್ಟು ಸುಸ್ಥಿತಿಗೆ ತಂದರೆಂದರೆ, 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷದ ಗಾರ್ಡನ್ ಬ್ರೌನ್, ಕ್ಲಾರ್ಕ್ ನಿಗದಿಪಡಿಸಿದ್ದ ವೆಚ್ಚದ ಮಿತಿಗಳನ್ನೇ ಮೊದಲ ಎರಡು ವರ್ಷ ಪಾಲಿಸಿದರು. ಎದುರಾಳಿ ಮುಂದುವರಿಸುವ ನೀತಿಗಿಂತ ದೊಡ್ಡ ಮನ್ನಣೆ ಸಚಿವನೊಬ್ಬನಿಗೆ ದೊರೆಯುವುದು ಅಪರೂಪ.

ಇಷ್ಟಾದರೂ ಪಕ್ಷದ ನಾಯಕತ್ವ 1997, 2001 ಮತ್ತು 2005ರಲ್ಲಿ ಮೂರು ಬಾರಿ ಅವರ ಕೈತಪ್ಪಿತು. 2001ರ ಸ್ಪರ್ಧೆಯಲ್ಲಂತೂ ಸಂಸದರ ಕೊನೆಯ ಸುತ್ತಿನ ಮತದಾನದಲ್ಲಿ 59 ಮತ ಪಡೆದು ಮೊದಲಿಗರಾಗಿದ್ದ ಅವರನ್ನು, ಅಂತಿಮ ನಿರ್ಣಯದ ಹಕ್ಕು ಪಡೆದಿದ್ದ ಸಾಮಾನ್ಯ ಸದಸ್ಯರು ಬದಿಗಿಟ್ಟು ಇಯಾನ್ ಡಂಕನ್ ಸ್ಮಿತ್ ಅವರನ್ನು ಆರಿಸಿದರು. ಯುರೋಪಿನೊಂದಿಗಿನ ನಿಕಟ ಸಂಬಂಧವನ್ನು ಕ್ಲಾರ್ಕ್ ಬಹಿರಂಗವಾಗಿ ಸಮರ್ಥಿಸುತ್ತಿದ್ದುದೇ ಇದರ ಮುಖ್ಯ ಕಾರಣವಾಗಿತ್ತು. ಆ ಮಾತನ್ನು ಸ್ವಲ್ಪ ಮೃದುಗೊಳಿಸಿದ್ದರೆ ದಾರಿ ಸುಗಮವಾಗುತ್ತಿತ್ತೆಂದು ತಿಳಿದಿದ್ದೂ ಅವರು ಹಾಗೆ ಮಾಡಲಿಲ್ಲವೆಂಬುದೇ ಈ ರಾಜಕೀಯ ಜೀವನದ ತಿರುಳು.

ಪ್ರಧಾನಿ ಎಡ್ವರ್ಡ್ ಹೀತ್ ಅವರ ಸರ್ಕಾರ 1972ರಲ್ಲಿ ಯುರೋಪಿಯನ್ ಸಮುದಾಯವನ್ನು ಸೇರುವ ಮಸೂದೆಯನ್ನು ತಂದಾಗ ಕ್ಲಾರ್ಕ್ ಕಿರಿಯ ಸಚೇತಕರಾಗಿ, ಎಂದರೆ ಸದಸ್ಯರ ಮತಗಳನ್ನು ಒಗ್ಗೂಡಿಸುವ ಹೊಣೆಗಾರರಾಗಿ, ಅದರ ಅಂಗೀಕಾರಕ್ಕೆ ದುಡಿದಿದ್ದರು. ನಲವತ್ತೈದು ವರ್ಷಗಳ ತರುವಾಯ, 2017ರ ಫೆಬ್ರುವರಿ 1ರಂದು, ಯುರೋಪಿಯನ್ ಒಕ್ಕೂಟದಿಂದ ನಿರ್ಗಮಿಸುವ ಪ್ರಕ್ರಿಯೆಗೆ ಅಧಿಕಾರ ನೀಡುವ ಮಸೂದೆ 498–114 ಮತಗಳಿಂದ ಮುಂದೆ ಸಾಗಿದಾಗ, ವಿರುದ್ಧ ಮತ ಚಲಾಯಿಸಿದ ಏಕೈಕ ಕನ್ಸರ್ವೇಟಿವ್ ಸದಸ್ಯರು ಅವರೇ. ಅದೇ ವರ್ಷ ಅವರು ‘ಸದನದ ಪಿತಾಮಹ’ರಾದರು, ಅತ್ಯಂತ ದೀರ್ಘಕಾಲ ಎಡೆಬಿಡದೆ ಸದಸ್ಯರಾಗಿರುವವರಿಗೆ ಸಲ್ಲುವ ಗೌರವವದು. ಒಪ್ಪಂದವಿಲ್ಲದ ನಿರ್ಗಮನವನ್ನು ತಡೆಯಲು ಮತ ನೀಡಿದ್ದಕ್ಕಾಗಿ 2019ರ ಸೆಪ್ಟೆಂಬರ್‌ನಲ್ಲಿ ಅವರನ್ನೂ ಸೇರಿಸಿ 21 ಮಂದಿಯನ್ನು ಪಕ್ಷ ತನ್ನ ಸಂಸದೀಯ ಬಳಗದಿಂದ ಹೊರಗಿಟ್ಟಿತು, ಮತ್ತು ಇದು ಪಕ್ಷಕ್ಕೆ ಶೋಭೆ ತರುವ ಕೃತ್ಯವಾಗಿರಲಿಲ್ಲ. ಎರಡು ತಿಂಗಳ ಬಳಿಕ ಲಿಂಡ್ಸೆ ಹಾಯ್ಲ್ ಅವರು ಸ್ಪೀಕರ್ ಆಗಿ ಆಯ್ಕೆಯಾದ ಚುನಾವಣೆಯ ಅಧ್ಯಕ್ಷತೆಯನ್ನು ವಹಿಸಿದವರು, ಪಿತಾಮಹರೆಂಬ ಕಾರಣದಿಂದ, ಪಕ್ಷವಿಲ್ಲದ ಆ ಕ್ಲಾರ್ಕ್ ಅವರೇ.

ಅವರನ್ನು ಓದಲು ಬಯಸುವವರು 2016ರಲ್ಲಿ ಪ್ರಕಟವಾದ ಆತ್ಮಕಥೆಗಿಂತಲೂ ಮೊದಲು, ಆ ನಿರ್ಗಮನ ಮಸೂದೆಯ ಮೇಲೆ 2017ರ ಜನವರಿ 31ರಂದು ಕಾಮನ್ಸ್ ಸಭೆಯಲ್ಲಿ ಅವರು ಮಾಡಿದ ಭಾಷಣವನ್ನು ನಡವಳಿಯಿಂದಲೇ ಇಡಿಯಾಗಿ ಓದಬೇಕು.