ಕಲ್ಪಸ್ಥಾನದ ಬೋಧನಕ್ರಮ

ಸುಶ್ರುತಸಂಹಿತೆಯ ಕಲ್ಪಸ್ಥಾನವು ಎಂಟು ಅಧ್ಯಾಯಗಳ ವಿಷತಂತ್ರ. ಇದನ್ನು ಔಷಧಯೋಗಗಳ ಸಂಗ್ರಹವೆಂದು ಎಣಿಸುವುದುಂಟು. ಆದರೆ ಇದು ಮುಖ್ಯವಾಗಿ ಶಿಷ್ಯನ ದೃಷ್ಟಿಯನ್ನು ತಿದ್ದುವ ಪಾಠಗ್ರಂಥವೆಂಬುದು ವಿಷಯಾನುಕ್ರಮದಿಂದಲೇ ವ್ಯಕ್ತವಾಗುತ್ತದೆ.

ಮೊದಲನೆಯ ಅಧ್ಯಾಯದ ವಸ್ತು ರಾಜನ ಅನ್ನಪಾನರಕ್ಷಣೆ. ಅಲ್ಲಿ ಮದ್ದಿಗಿಂತ ಮುಂಚೆ ಲಕ್ಷಣಗಳು ಬರುತ್ತವೆ. ವಿಷವಿಕ್ಕಿದವನು ಕೇಳಿದ್ದಕ್ಕೆ ಉತ್ತರ ಕೊಡಲಾರದೆ ನೆಲವನ್ನು ಗೀರುವನು. ವಿಷಾನ್ನವು ಬೆಂಕಿಯಲ್ಲಿ ಚಟಚಟನೆ ಸಿಡಿದು ನವಿಲುಗೊರಲಿನ ಬಣ್ಣದಿಂದ ಉರಿಯುವುದು. ಈ ಗುರುತುಗಳೆಲ್ಲ ಇಂದಿನ ಪರೀಕ್ಷೆಗೆ ನಿಲ್ಲವು. ಆದರೂ ನೋಡುವುದು ಮೊದಲು, ಕೊಡುವುದು ಆಮೇಲೆ ಎಂಬ ನಿಯಮ ಇಲ್ಲಿಯೇ ನೆಲೆಗೊಳ್ಳುತ್ತದೆ.

ಸರ್ಪವಿಷಪ್ರಕರಣದಲ್ಲಿ ಈ ಕ್ರಮವು ಪರಿಪಕ್ವವಾಗಿದೆ. ಹೆಡೆಯುಳ್ಳ ದರ್ವೀಕರಗಳ ಕಡಿತದಲ್ಲಿ ಕಡೆಗೆ ಚೇಷ್ಟೆಯಡಗಿ ಉಸಿರು ನಿಲ್ಲುವುದು. ಮಂಡಲಿಗಳ ಕಡಿತದಲ್ಲಿ ದಾಹ, ಬಾವು, ಮೇಲೂ ಕೆಳಗೂ ರಕ್ತಸ್ರಾವ. ನಾಗರಹಾವಿನ ವಿಷವು ನರಗಳನ್ನೂ ಕೊಳಕುಮಂಡಲದ ವಿಷವು ರಕ್ತವನ್ನೂ ಮುಖ್ಯವಾಗಿ ಕೆಡಿಸುವುದೆಂಬ ಈಗಿನ ವಿವೇಚನೆಗೆ ಇದು ಬಹು ಸಮೀಪವಾದುದು. ಇತರ ಕಡಿತಗಳಿಗೆ ಸುಡುವುದನ್ನು ವಿಧಿಸಿದ ಗ್ರಂಥಕಾರನು ಮಂಡಲಿಯ ಕಡಿತಕ್ಕೆ ಅದನ್ನು ನಿಷೇಧಿಸಿರುವುದೂ ಈ ವಿವೇಕದ ಫಲವೇ.

ವಿಷದ ಏಳು ವೇಗಗಳ ನಿರೂಪಣೆಯೇ ಈ ಸ್ಥಾನದ ಜೀವಾಳ. ವಿಷವು ಒಂದೊಂದು ಕಲೆಯನ್ನು ದಾಟಿದಂತೆ ಒಂದೊಂದು ವೇಗ. ವೇಗ ಬದಲಾದಂತೆ ಚಿಕಿತ್ಸೆಯೂ ಬೇರೆ. ಮೊದಲನೆಯದರಲ್ಲಿ ರಕ್ತಮೋಕ್ಷ, ಮೂರನೆಯದರಲ್ಲಿ ನಸ್ಯಾಂಜನ, ನಾಲ್ಕನೆಯದರಲ್ಲಿ ವಮನ. ಚರಕನು ಎಂಟು ವೇಗಗಳನ್ನು ಹೇಳುವುದರಿಂದ ಈ ಎಣಿಕೆಯು ಕೇವಲ ರೋಗಿದರ್ಶನದಿಂದ ಬಂದುದಲ್ಲ, ಸಿದ್ಧಾಂತದ ಅಚ್ಚಿನಲ್ಲಿ ಎರೆದುದೆಂದು ಊಹಿಸಬೇಕು. ಆದರೆ ಮದ್ದು ಯಾವುದೆಂದು ಕೇಳುವ ಮೊದಲು ವಿಷವು ಎಲ್ಲಿಯವರೆಗೆ ಏರಿದೆಯೆಂದು ಕೇಳಬೇಕೆಂಬ ಪಾಠಕ್ಕೆ ಅದರಿಂದ ಊನವಿಲ್ಲ.

ಊನವಿರುವುದು ವಿಧಿಗಳಲ್ಲಿ. ಕಡಿತಕ್ಕೆ ನಾಲ್ಕಂಗುಲ ಮೇಲೆ ಕಟ್ಟುವುದು, ಕೊಯ್ಯುವುದು, ಹೀರುವುದು, ಇವೆಲ್ಲ ಈಗ ವರ್ಜ್ಯ. ಬಿಗಿಗಟ್ಟು ಅಂಗವನ್ನೇ ಕೊಳೆಯಿಸಬಹುದು. ರಕ್ತ ಹೆಪ್ಪುಗಟ್ಟದವನಿಗೆ ಕೊಯ್ದ ಗಾಯವೇ ಮೃತ್ಯುದ್ವಾರ. 1895ರಲ್ಲಿ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನು ಪ್ರತಿವಿಷವನ್ನು ಪ್ರಕಟಿಸಿದ ಮೇಲೆ ಚಿಕಿತ್ಸೆಯ ಮಾರ್ಗವೇ ಬೇರೆಯಾಯಿತು. ಉಸಿರು ಕುಂದಿದವನಿಗೆ ಯಂತ್ರದಿಂದ ಶ್ವಾಸಕೊಟ್ಟು ಬದುಕಿಸುವುದೂ ಸಾಧ್ಯವಾಗಿರುವುದರಿಂದ ಏಳನೆಯ ವೇಗವು ಈಗ ಅಸಾಧ್ಯವೆಂದೇನೂ ಅಲ್ಲ.

ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಕನ್ನಡ ಪದ್ಯಗಳಿಗೆ ಇಳಿಸಿದುದರಿಂದ ಈ ವಿಚಾರವು ಕನ್ನಡ ಉಪಾಧ್ಯಾಯರಿಗೂ ಸಲ್ಲುತ್ತದೆ. ಇಂತಹ ಗ್ರಂಥಗಳನ್ನು ಛಂದಸ್ಸಿಗಾಗಿಯೋ ಪ್ರಾಚೀನತೆಯ ಅಭಿಮಾನಕ್ಕಾಗಿಯೋ ಓದಿಸಿ, ವಿಧಿಗಳ ವಿಷಯದಲ್ಲಿ ಮೌನವಾಗಿರುವುದು ಯುಕ್ತವಲ್ಲ. ಕಲ್ಪಸ್ಥಾನದಿಂದ ಕಲಿಯತಕ್ಕದ್ದು ಪರೀಕ್ಷಾಕ್ರಮ. ಅದರ ಕಟ್ಟನ್ನು ಕಟ್ಟಿದರೆ ಕಳೆಯುವುದು ಒಂದು ಪ್ರಾಣ.