ಶರಪಂಜರಕ್ಕೆ ಹೊಸ ಬಾಣಗಳು

ತ್ರಿವೇಣಿಯವರ (1928–1963) ‘ಶರಪಂಜರ’ ಕಾದಂಬರಿಯನ್ನು ತಾವು ಓದಿರಬಹುದು. ಓದದವರೂ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರು ಅಭಿನಯಿಸಿದ ಕಾವೇರಿಯನ್ನು ಮರೆತಿರಲಾರರು. ಬಾಣಂತನದಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಆದರೆ ಸುತ್ತಲಿನವರಿಗೆ ಆಕೆ ನಕ್ಕರೂ ಅನುಮಾನ, ಮೌನವಾಗಿದ್ದರೂ ಅನುಮಾನ. ಆಕೆಗೆ ಕಾಯಿಲೆಯಿತ್ತು ಎಂಬ ಸುದ್ದಿಯೇ ಆಕೆಯ ಎರಡನೆಯ ಕಾಯಿಲೆಯಾಗುತ್ತದೆ. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಲೇಖಕಿ ಇದನ್ನು ನಿರ್ದಾಕ್ಷಿಣ್ಯವಾಗಿ ಕಂಡಿದ್ದಾರೆ. ಅಲ್ಲಿ ಬಾಣಗಳು ಮನೆ ಮತ್ತು ನೆರೆಹೊರೆಯಿಂದ ಬರುತ್ತವೆ. ಇಂದು ಅವು ಚಿಕಿತ್ಸಾ ಕೊಠಡಿಯಿಂದಲೇ ಹೊರಡಬಹುದಲ್ಲವೇ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಒಬ್ಬ ಯುವತಿಯನ್ನು ಊಹಿಸಿಕೊಳ್ಳಿ. ಎಷ್ಟು ತೊಳೆದರೂ ಕೈ ಶುದ್ಧವಾಯಿತೆಂದು ಆಕೆಗೆ ಅನಿಸದು. ಅದೇ ಹೊಸೂರು ರಸ್ತೆಯಲ್ಲಿ ನಗರದತ್ತ ಹೊರಟರೆ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿದೆ. ಅಲ್ಲಿ ಯಾರಾದರೂ ಕಂಡಾರೆಂಬ ಅಂಜಿಕೆಯಿಂದ ಆಕೆ ಹತ್ತಿರದ ಖಾಸಗಿ ಚಿಕಿತ್ಸಕರ ಬಳಿ ಹೋಗುತ್ತಾಳೆ. ವರ್ತನಾ ಚಿಕಿತ್ಸೆಯಲ್ಲಿ ಎಲ್ಲವನ್ನೂ ಎಣಿಸಿ ಬರೆಯಬೇಕು: ದಿನಕ್ಕೆ ಎಷ್ಟು ಬಾರಿ ತೊಳೆದಳು, ಯಾವುದನ್ನು ಮುಟ್ಟಲು ಎಷ್ಟು ಭಯ, ತಾಯಿ ಏನೆಂದು ಗದರಿದರು. ಮನೆಯವರಿಗೂ ತಿಳಿಯದ ಪಟ್ಟಿ ಅದು. ಚಿಕಿತ್ಸಕರೊಬ್ಬರು ಕಾಫಿಯ ಹೊತ್ತಿನಲ್ಲಿ, “ಹೆಸರು ಹೇಳುವುದಿಲ್ಲ” ಎಂದೇ ಪೀಠಿಕೆ ಹಾಕಿ ಅದನ್ನು ವರ್ಣಿಸಿದರೆನ್ನಿ. ಹೆಸರು ಏತಕ್ಕೆ ಬೇಕು? ಅದೇ ಕಚೇರಿಯ ಕ್ಯಾಬು, ಅದೇ ಪಿ.ಜಿ., ಅದೇ ಭಾನುವಾರದ ಪೂಜೆ. ಮದುವೆಯ ಮಾತುಕತೆ ನಡೆದಿದ್ದರಂತೂ ಮುಗಿಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರುತ್ತದೆ. ಚಿಕಿತ್ಸೆಗಾಗಿ ಮತ್ತೊಬ್ಬ ವೈದ್ಯರಿಗೆ ತಿಳಿಸುವುದು, ಇನ್ನೊಬ್ಬರಿಗೆ ಆಗುವ ಅಪಾಯ ತಪ್ಪಿಸುವುದು ಮುಂತಾದ ವಿನಾಯಿತಿಗಳುಂಟು. ಕಾಫಿಯ ಹರಟೆ ಅವುಗಳಲ್ಲಿ ಇಲ್ಲ.

ಆ ಹರಟೆಯನ್ನು ಕೇಳಿಸಿಕೊಂಡ ಸಹೋದ್ಯೋಗಿ ಏನು ಮಾಡಬೇಕು? ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆಯ ಪ್ರಕಾರ, ಸೂಕ್ತವೆನಿಸಿದರೆ ಮೊದಲು ತಪ್ಪಿದವರೊಡನೆಯೇ ಮಾತನಾಡಬೇಕು. ಗಂಭೀರ ಹಾನಿಯಾಗಿದ್ದರೆ ಅಥವಾ ಆಗುವಂತಿದ್ದರೆ ಮುಂದಿನ ಕ್ರಮಕ್ಕೆ ಹೋಗಬೇಕು. ಸಂತ ಮತ್ತಾಯರ ಶುಭಸಂದೇಶದ 18ನೆಯ ಅಧ್ಯಾಯ ಬಲ್ಲ ತಮಗೆ ಈ ಕ್ರಮ ಹೊಸದಲ್ಲ: ಮೊದಲು ಏಕಾಂತದಲ್ಲಿ, ಅನಂತರ ಸಾಕ್ಷಿಗಳೊಡನೆ, ಕೊನೆಗೆ ಸಭೆಯ ಮುಂದೆ. ಕ್ರಮ ಒಳ್ಳೆಯದೇ. ಆದರೆ ನನ್ನದೊಂದು ತಕರಾರಿದೆ. ಶುಭಸಂದೇಶದಲ್ಲಿ ಬುದ್ಧಿ ಹೇಳಲು ಹೋಗುವವನು ನೊಂದವನೇ. ಇಲ್ಲಿ ನೊಂದವಳು ಮೂರನೆಯವಳು. ಇಬ್ಬರು ಸಹೋದ್ಯೋಗಿಗಳು ಬಾಗಿಲು ಮುಚ್ಚಿ, “ಇನ್ನು ಮುಂದೆ ಹೀಗಾಗದು” ಎಂದು ಸಮಾಧಾನಪಟ್ಟುಕೊಂಡರೆ ಆಕೆಗೆ ಏನು ದೊರೆಯಿತು? ತನ್ನ ಮಾತು ಎಲ್ಲಿಯವರೆಗೆ ಹೋಗಿದೆಯೆಂದು ತಿಳಿಯದೆ ಆಕೆ ಮುಂದಿನ ವಾರವೂ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಬಾಯಿಬಿಟ್ಟ ಚಿಕಿತ್ಸಕರೇ ಆಕೆಗೆ ಅದನ್ನು ತಿಳಿಸಬೇಕು. ತಿಳಿಸುವವರೆಗೆ ಸಹೋದ್ಯೋಗಿ ಬೆನ್ನುಬಿಡಬಾರದು.

ದೂರು ಕೊಡುವುದಾದರೆ ಅಲ್ಲಿಯೂ ಎಚ್ಚರ ಬೇಕು. ಆಕೆಯನ್ನು ಕೇಳದೆ ಹೆಸರು, ಕಚೇರಿ, ಕಾಯಿಲೆಯನ್ನು ಕಾಗದದಲ್ಲಿ ಬರೆದರೆ ಅದೂ ಒಂದು ಬಾಣವೇ. ಆಕೆ ಒಪ್ಪದಿದ್ದಲ್ಲಿ, ಆಕೆಯ ಗುರುತಿನ ಎಳೆಯೂ ಸಿಗದಂತೆ ಚಿಕಿತ್ಸಕರ ನಡತೆಯನ್ನಷ್ಟೇ ಸಂಸ್ಥೆಯ ಮುಖ್ಯಸ್ಥರ ಮುಂದಿಡಬಹುದು.